ಒಡೆಯದ ಮೊಟ್ಟೆ

ಚಳಿ ಹಿಂದೆ ಸರಿದು ಹಗಲು ಉದ್ದವಾಗುತ್ತಿದ್ದ ದಿನಗಳು. ಹಗಲು ಬೆಳೆದಂತೆ ಕೋಳಿಗಳು ಮೊಟ್ಟೆ ಇಡುವುದೂ ಹೆಚ್ಚುತ್ತದೆ, ಮನೆಯವರ ಕೈಗೆ ಬಿಡುವು ಕಡಿಮೆಯಾಗುತ್ತದೆ. ಆ ಬೆಳಿಗ್ಗೆಯೂ ಬೆಳಕು ಹರಿಯುವ ಮೊದಲೇ ಶೆಡ್ಡಿನಲ್ಲಿ ಕೆಲಸ ಸಾಗಿತ್ತು. ಮಾವ ಗೂಡುಗಳಿಗೆ ಕೈಹಾಕಿ ಬೆಚ್ಚಗಿನ ಮೊಟ್ಟೆಗಳನ್ನು ತೆಗೆದು ಬುಟ್ಟಿಯ ಹೊಟ್ಟಿನ ಮೇಲೆ ಇಡುತ್ತಿದ್ದರು. ಅತ್ತೆ ಮಣೆಯ ಮೇಲೆ ಕುಳಿತು ಒಂದೊಂದನ್ನೇ ಬಟ್ಟೆಯಿಂದ ಒರೆಸುತ್ತಿದ್ದರು. ಸೊಸೆ ಅವನ್ನು ಚೂಪು ತುದಿ ಕೆಳಗಾಗುವಂತೆ ರಟ್ಟಿನ ಟ್ರೇಗಳಲ್ಲಿ ಕೂರಿಸಿ, ಟ್ರೇಯ ಮೇಲೆ ಟ್ರೇ ಪೇರಿಸಿ, ವ್ಯಾನಿಗೆ ಸಾಗಿಸುತ್ತಿದ್ದಳು. ಅವಳ ಗಂಡ ಹಿಕ್ಕೆ ಬಾಚಿ ಗುಡ್ಡೆ ಹಾಕುತ್ತಿದ್ದ. ಅದು ಮುಗಿಸಿ, ತಿಂಡಿ ತಿಂದು, ಊರಬೀದಿಯ ತನ್ನ ವೆಲ್ಡಿಂಗ್ ಅಂಗಡಿಯ ಬಾಗಿಲು ತೆಗೆಯಬೇಕು.

ವ್ಯಾನು ಹೊರಡುವಾಗ ಮಾವ ದಿನಾ ಹೇಳುವ ಮಾತನ್ನೇ ಹೇಳಿದರು. "ಕ್ವಾರಿ ಹತ್ರ ಗುಂಡಿ ನೋಡ್ಕೊಂಡು ಹೋಗು."

"ನೋಡ್ಕೊಂಡೇ ಹೋಗ್ತೀನಿ ಮಾವ. ಗುಂಡಿ ಬಿಟ್ರೆ ಅಲ್ಲಿ ನೋಡೋಕೆ ಬೇರೆ ಏನಿದೆ?"

ಅತ್ತೆ ಒರೆಸುತ್ತಿದ್ದ ಮೊಟ್ಟೆಯ ಮೇಲೆ ತಲೆ ಬಗ್ಗಿಸಿ ನಗು ನುಂಗಿಕೊಂಡರು.

ಪಟ್ಟಣಕ್ಕೆ ಎರಡು ದಾರಿ. ಒಂದು, ಊರಿನ ಪಕ್ಕದಲ್ಲೇ ನೂಲು ಎಳೆದ ಹಾಗೆ ಹೋಗುವ ಹೆದ್ದಾರಿ. ಅದರ ಟೋಲ್ ಗೇಟು ನಿಂತಿರುವುದು ಹಿಂದೆ ಮಾವನ ಹೊಲವಿದ್ದ ಜಾಗದಲ್ಲಿ. ರಸ್ತೆಗೆ ನೆಲ ಹೋದ ವರ್ಷ ಊರಿನ ಹಲವರು ಟೀ ಅಂಗಡಿಯ ಮುಂದೆ ನಿಂತು, ನಮ್ಮ ನೆಲದ ಮೇಲೆ ಓಡಾಡೋಕೆ ನಾವು ದುಡ್ಡು ಕೊಡುವುದಿಲ್ಲ ಎಂದು ಮಾತು ಕೊಟ್ಟುಕೊಂಡಿದ್ದರು. ಮೊದಲು ಮಾತು ಮುರಿದವನು ಹಾಲಿನವನು; ನಾನು ಕಾದೇನು, ಹಾಲು ಕಾಯುತ್ತದೆಯೇ ಎಂದ. ಆಮೇಲೆ ತರಕಾರಿಯವರು, ಇಟ್ಟಿಗೆಯವರು, ಒಬ್ಬೊಬ್ಬರಾಗಿ ದುಡ್ಡು ಕಟ್ಟಿ ಗೇಟಿನ ಕೆಳಗೆ ತೂರಿಕೊಂಡರು. ಉಳಿದವರು ಮಾವ ಒಬ್ಬರೇ. ಊರು ಅವರಿಗೆ 'ಸುತ್ತುದಾರಿ ಯಜಮಾನರು' ಎಂದು ಹೆಸರಿಟ್ಟಿತು. ಅವರಿಗೆ ಅದು ಬಿರುದಿನ ಹಾಗೆಯೇ ಕೇಳಿಸಿತು.

ಸುತ್ತುದಾರಿ ಎಂದರೆ ಕಾಲುವೆಯ ಏರಿ ಹಿಡಿದು, ಕಲ್ಲುಕ್ವಾರಿಯ ಬಾಯಿ ಹಾದು, ಪಟ್ಟಣವನ್ನು ಹಿಂಬಾಗಿಲಿನಿಂದ ಹೊಗುವ ಹಳೆಯ ರಸ್ತೆ. ಕಲ್ಲಿನ ಲಾರಿಗಳು ಅದನ್ನು ಅಗೆದು ಹಾಕಿದ್ದವು. ಹೊತ್ತು ದುಪ್ಪಟ್ಟು ಹಿಡಿಯುತ್ತಿತ್ತು. ದಿನಾ ಒಂದಷ್ಟು ಮೊಟ್ಟೆ ಒಡೆಯುತ್ತಿತ್ತು. ಬಿರುಕುಬಿಟ್ಟದ್ದೆಲ್ಲ ಮನೆಗೆ ವಾಪಸು ಬರುತ್ತಿತ್ತು. ಮನೆಯಲ್ಲಿ ಮಧ್ಯಾಹ್ನ ಮೊಟ್ಟೆ, ರಾತ್ರಿ ಮೊಟ್ಟೆ. ಅತ್ತೆ ಒಂದು ದಿನ ಹುರಿದರೆ ಇನ್ನೊಂದು ದಿನ ಈರುಳ್ಳಿ ಹಾಕಿ ಕಲಸುವರು, ಮತ್ತೊಂದು ದಿನ ಅನ್ನಕ್ಕೇ ಬೆರೆಸಿಬಿಡುವರು. ಶಾಲೆಗೆ ಹೋಗುವ ಮೊಮ್ಮಗಳು ತಟ್ಟೆ ನೋಡಿ, "ಅಜ್ಜೀ, ಕೋಳಿಗಳು ನಮ್ಮನ್ನ ಸಾಕ್ತಾ ಇವೆಯಾ, ಶಿಕ್ಷೆ ಕೊಡ್ತಾ ಇವೆಯಾ?" ಎಂದು ಕೇಳಿದ್ದಳು.

ಆಸ್ಪತ್ರೆಯ ಅಡುಗೆಮನೆಗೆ ಮೊಟ್ಟೆ ಹಾಕುವ ಕೆಲಸ ಸೊಸೆ ತಾನೇ ತಂದದ್ದು. ಅದಕ್ಕೆ ಮೊದಲು ಮೊಟ್ಟೆಯೆಲ್ಲ ಒಬ್ಬ ದಳ್ಳಾಳಿಗೆ ಹೋಗುತ್ತಿತ್ತು. ಅವನು ಹೇಳಿದ್ದೇ ದರ, ಅವನು ಕೊಟ್ಟದ್ದೇ ದುಡ್ಡು. ಸೊಸೆ ವ್ಯಾನು ಓಡಿಸಲು ಕಲಿತು, ಆಸ್ಪತ್ರೆಯ ಸ್ಟೋರಿನ ಮುಂದೆ ಎಷ್ಟೋ ಬೆಳಿಗ್ಗೆ ನಿಂತು, ಸ್ಟೋರಿನ ಮೇಡಂ ಕಣ್ಣೆತ್ತಿ ನೋಡುವವರೆಗೂ ನಿಂತು, ಆ ಕೆಲಸ ಹಿಡಿದಿದ್ದಳು. ಆ ಬೆಳಿಗ್ಗೆ ಅದೇ ಮೇಡಂ ಟ್ರೇಗಳನ್ನು ಬೆಳಕಿಗೆ ಹಿಡಿದು ನೋಡಿ, ರೋಗಿಗಳ ತಿಂಡಿಯ ಹೊತ್ತು ಮೀರಿದ ಮೇಲೆ ಮೊಟ್ಟೆ ಬಂದರೆ ಯಾರಿಗೆ ಬಡಿಸಲಿ ಎಂದು ಕೇಳಿದರು. ಈ ತಿಂಗಳು ಮುಗಿಯಲಿ, ಸರಿಹೋಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು. ದನಿ ಏರಿಸಲಿಲ್ಲ. ಅದರಿಂದಲೇ ಸೊಸೆಗೆ ಹೆಚ್ಚು ಹೆದರಿಕೆಯಾಯಿತು.

ಅವತ್ತು ಊಟದ ಹೊತ್ತಿಗೆ ಅವಳು ಮಾತು ತೆಗೆದಳು. ಹೆದ್ದಾರಿ ಹಿಡಿದರೆ ಅರ್ಧ ಹೊತ್ತಿಗೆ ಮುಟ್ಟಬಹುದು, ಟೋಲಿನ ದುಡ್ಡಿಗಿಂತ ಒಡೆಯುವ ಮೊಟ್ಟೆಯ ದುಡ್ಡೇ ಜಾಸ್ತಿ ಎಂದಳು. ಮಾವ ತುತ್ತು ಮುಗಿಸಿ, ಆಸ್ಪತ್ರೆ ಕೆಲಸ ಹೋದರೆ ಹೋಗಲಿ, ವ್ಯಾನು ಮಾರಿ ಮತ್ತೆ ದಳ್ಳಾಳಿಗೇ ಹಾಕೋಣ ಎಂದರು.

"ಈ ಶೆಡ್ಡು ಕಟ್ಟಿದ್ದು ರಸ್ತೆಯವರು ಕೊಟ್ಟ ದುಡ್ಡಲ್ಲೇ ಅಲ್ವಾ ಮಾವ? ಅವರಿಂದ ತಗೊಂಡಿದ್ದು ಸರಿ, ಅವರಿಗೆ ಕೊಡೋದು ತಪ್ಪಾ?"

"ತಗೊಂಡಿದ್ದು ನೆಲದ ಬೆಲೆ. ಅದು ವ್ಯಾಪಾರ. ದಿನಾ ಕೈಚಾಚಿದರೆ ದಿನಾ ಕೊಡೋದು ವ್ಯಾಪಾರ ಅಲ್ಲ."

"ಮತ್ತೆ ದಿನಾ ಒಡೆಯೋ ಮೊಟ್ಟೆ?"

"ಅದು ನಿನ್ನ ಕಾಲು. ಬ್ರೇಕು ತುಳಿಯೋ ಕಾಲಿಗೆ ನಿಧಾನ ಇಲ್ಲ."

ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಗಂಡ ಅತ್ತ ಅಪ್ಪನ ಮುಖವನ್ನೂ ನೋಡಲಿಲ್ಲ, ಇತ್ತ ಹೆಂಡತಿಯ ಮುಖವನ್ನೂ ನೋಡಲಿಲ್ಲ. ಉಪ್ಪಿನ ಡಬ್ಬಿಯನ್ನು ನೋಡುತ್ತಾ ಕುಳಿತ.

ಆದರೆ ಆ ವಾರವೇ ಅವನು ಪೆಟ್ರೋಲ್ ಬಂಕಿನ ಪಕ್ಕದ ಪೆಟ್ಟಿಗೆ ಅಂಗಡಿಯಿಂದ ಒಂದು ಟೋಲ್ ಟ್ಯಾಗು ತಂದ. ಮುಂದಿನ ಗಾಜಿಗೆ ಅಂಟಿಸುವ ಅಂಗೈಯಗಲದ ಚೀಟಿ; ಗೇಟಿನ ಮಿಷಿನ್ನು ಅದನ್ನು ಓದಿ ದುಡ್ಡು ಮುರಿದುಕೊಳ್ಳುತ್ತದೆ. ಎಲ್ಲಿ ಅಂಟಿಸುವುದೆಂದು ಮೊದಲೇ ಯೋಚಿಸಿಕೊಳ್ಳಿ, ಒಮ್ಮೆ ಅಂಟಿಸಿದ್ದನ್ನು ಕಿತ್ತರೆ ಸತ್ತ ಹಾಗೆ ಎಂದು ಮಾರಿದವನು ಹೇಳಿದ್ದ. ಯೋಚಿಸಬೇಕಾದದ್ದೇ ಅದು. ಮಧ್ಯಾಹ್ನ ವ್ಯಾನು ತೊಳೆಯುವುದು ಮಾವನ ಕೆಲಸ. ಗಾಜನ್ನು ಒಳಗೂ ಹೊರಗೂ ಉಜ್ಜಿ, ಹಳೆಯ ಪೇಪರಿನಿಂದ ಒರೆಸಿ, ನೊಣ ಕೂತರೂ ಕಾಣುವ ಹಾಗೆ ಮಾಡುತ್ತಿದ್ದರು.

ಗಂಡ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿಕೊಂಡು ಸುತ್ತ ಓಡಾಡಿದ. ಗಾಜಿನ ಮೇಲಂಚಿಗೆ ಬಿಸಿಲು ತಡೆಯಲು ಯಾವ ಕಾಲದಲ್ಲೋ ಅಂಟಿಸಿದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇತ್ತು. ಆ ಪಟ್ಟಿಯ ಹಿಂದೆ, ಒಳಗಡೆ, ಹಿಂದಿನದನ್ನು ತೋರಿಸುವ ಕನ್ನಡಿಯ ಬೆನ್ನಿಗೆ ಸರಿಯಾಗಿ ಟ್ಯಾಗನ್ನು ಅಂಟಿಸಿದ. ಹೊರಗಿನಿಂದ ಪಟ್ಟಿ ಮುಚ್ಚಿತು. ಒಳಗಿನಿಂದಲೂ ಕಾಣದಿರಲೆಂದು ತನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದ: ತೆಳು ತಗಡು ಕತ್ತರಿಸಿ, ಬಗ್ಗಿಸಿ, ನಾಲ್ಕು ಚುಕ್ಕಿ ಬೆಸುಗೆ ಹಾಕಿ, ಕನ್ನಡಿಯ ಕಾಲಿಗೆ ಸಿಕ್ಕಿಸುವ ಒಂದು ಪುಟ್ಟ ಕವಚ ಮಾಡಿದ. ಕಪ್ಪು ಬಣ್ಣ ಬಳಿದ ಮೇಲೆ ಅದು ವ್ಯಾನಿನ ಜೊತೆಗೇ ಹುಟ್ಟಿದ ಹಾಗೆ ಕಂಡಿತು. ಹೆಂಡತಿಯನ್ನು ಕರೆದು ತೋರಿಸಿದ. ಮದುವೆಯಾದ ಮೇಲೆ ಅವನು ಅಷ್ಟು ಹೆಮ್ಮೆಯಿಂದ ಏನನ್ನೂ ತೋರಿಸಿದ್ದು ಅವಳಿಗೆ ನೆನಪಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹೆದ್ದಾರಿ ಹತ್ತಿದಳು. ಗೇಟಿನ ಮುಂದೆ ನಿಂತಳು. ಗೇಟು ಏಳಲಿಲ್ಲ. ಹಿಂದಕ್ಕೆ ತೆಗೆದು ಮತ್ತೆ ಮುಂದೆ ಬಂದಳು, ಏಳಲಿಲ್ಲ. ಹಿಂದಿನ ಲಾರಿಗಳು ಹಾರ್ನ್ ಬಾರಿಸಿದವು. ಗೇಟಿನಲ್ಲಿ ಕೂತಿದ್ದ ಹುಡುಗಿ ಎದ್ದು ಬಂದು, ವ್ಯಾನಿನೊಳಗೆ ತಲೆ ತೂರಿಸಿ, ಕನ್ನಡಿಯ ಹಿಂದೆ ಕೈಯಾಡಿಸಿದಳು.

"ಅಕ್ಕಾ, ಇದಕ್ಕೆ ತಗಡಿನ ಮನೆ ಕಟ್ಟಿದ್ದು ಯಾರು?"

"ನಮ್ಮನೆಯವರು."

"ವೆಲ್ಡಿಂಗಾ ಅವರದು?"

"ಹೂಂ."

"ಬೆನ್ನಿಗೆ ತಗಡಿದ್ರೆ ಮಿಷಿನ್ನು ಓದಲ್ಲ ಅಕ್ಕ. ರಟ್ಟು ಗಿಟ್ಟು ಇಟ್ಕೊಳ್ಳಿ."

ಡೀಸೆಲ್ಲಿಗೆಂದು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ದಂಡ ಸೇರಿಸಿ ಕಟ್ಟಿ ಅವಳು ಪಾರಾದಳು. ಗಂಡನಿಗೆ ಹೇಳಿದಾಗ ಅವನು ಆ ಕವಚವನ್ನು ಎರಡು ದಿನ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ನೋಡಿದ. ಆಮೇಲೆ ಮೊಟ್ಟೆಯ ಟ್ರೇಯೊಂದರ ಮೂಲೆ ಕತ್ತರಿಸಿ, ನೀರಲ್ಲಿ ನೆನೆಸಿ, ಬಗ್ಗಿಸಿ ಒಣಗಿಸಿ, ಕಪ್ಪು ಬಳಿದು ಅದರ ಜಾಗಕ್ಕೆ ಸಿಕ್ಕಿಸಿದ. ಗೇಟು ಎದ್ದಿತು.

ಹೀಗೆ ವಾರಗಳು ಕಳೆದವು. ಸೊಸೆ ಹೊತ್ತಿಗೆ ಮುಂಚೆಯೇ ಆಸ್ಪತ್ರೆ ಮುಟ್ಟುತ್ತಿದ್ದಳು. ಸ್ಟೋರಿನ ಮೇಡಂ ಟ್ರೇಗಳನ್ನು ಬೆಳಕಿಗೆ ಹಿಡಿಯುವುದು ಕಡಿಮೆಯಾಯಿತು. ಆದರೆ ಉಳಿದ ಹೊತ್ತನ್ನು ಮನೆಗೆ ತರುವಂತಿರಲಿಲ್ಲ. ವಾಪಸು ಬರುವಾಗ ಹೆದ್ದಾರಿ ಇಳಿದ ಮೇಲೆ ಅವಳು ಕ್ವಾರಿಯ ಬಾಯಿಯವರೆಗೆ ಹೋಗಿ, ಚಕ್ರಕ್ಕೂ ಬಾಗಿಲಿಗೂ ಬಿಳಿ ದೂಳು ಹಿಡಿಯುವ ಹಾಗೆ ಎರಡು ಸುತ್ತು ಹಾಕಿ, ಒಂದು ಮರದಡಿ ವ್ಯಾನು ನಿಲ್ಲಿಸಿ ಕಾಯುತ್ತಿದ್ದಳು. ಮನೆಯಲ್ಲಿ ಒಗೆಯುವ ಬಟ್ಟೆ ನೆನೆದಿರುತ್ತಿತ್ತು, ಕೋಳಿಗೆ ನೀರು ತುಂಬಬೇಕಿರುತ್ತಿತ್ತು. ಅವಳು ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಾ, ಹಾದುಹೋಗುವ ಲಾರಿಯವರು ಏನೆಂದುಕೊಂಡಾರೋ ಎಂದು ಮುಖ ತಿರುಗಿಸುತ್ತಾ, ಹೊತ್ತು ಸಾಯಲೆಂದು ಕಾಯುತ್ತಿದ್ದಳು.

ಮನೆಯಲ್ಲಿ ಗಂಡನ ಪಾಡೂ ಅಷ್ಟೇ. ವ್ಯಾನು ಗೇಟು ದಾಟಿದಾಗಲೆಲ್ಲ ಅವನ ಫೋನಿಗೆ ಮೆಸೇಜು ಬರುತ್ತಿತ್ತು. ಅದು ಬರುವುದು ಸರಿಯಾಗಿ ಅವನೂ ಅಪ್ಪನೂ ಎದುರುಬದುರು ಕೂತು ತಿಂಡಿ ತಿನ್ನುವ ಹೊತ್ತಿಗೆ.

"ಯಾರದು ದಿನಾ ಇದೇ ಹೊತ್ತಿಗೆ?" ಎಂದರು ಮಾವ.

"ಸಾಲ ಕೊಡೋ ಕಂಪನಿಯವರು ಅಪ್ಪ. ಸಾಲ ಬೇಕಾ ಅಂತ ಕೇಳ್ತಾರೆ."

"ಬೇಡ ಅಂತ ಹೇಳು."

"ಹೇಳಿದೀನಿ."

"ಗಟ್ಟಿಯಾಗಿ ಹೇಳು. ಮೆತ್ತಗೆ ಹೇಳಿರ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ."

ದೂಳಿನ ಬಗ್ಗೆ ಯೋಚಿಸಿದ್ದರು, ಹೊತ್ತಿನ ಬಗ್ಗೆ ಯೋಚಿಸಿದ್ದರು. ಮೊಟ್ಟೆಯ ಬಗ್ಗೆ ಗಂಡ ಹೆಂಡತಿ ಇಬ್ಬರೂ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಮಾವ ತಟ್ಟೆಯ ಮುಂದೆ ಕುಳಿತು, ಅನ್ನವನ್ನೂ ಬರೀ ಸೊಪ್ಪನ್ನೂ ನೋಡಿ, "ಇವತ್ತೂ ಒಡೆದದ್ದು ಬರಲಿಲ್ವಾ?" ಎಂದು ಕೇಳಿದರು.

ಸೊಸೆಯ ಕೈ ಪಾತ್ರೆಯ ಮೇಲೆ ನಿಂತಿತು. ಮೊಮ್ಮಗಳು ಮಾತ್ರ, ಬರುವುದೇ ಬೇಡ, ಹೀಗೇ ಇರಲಿ ಎಂದಳು.

ಮಾವನ ಮುಖ ಅರಳಿತು. "ನೋಡು, ನಾನು ಹೇಳಿರಲಿಲ್ವಾ? ದಾರಿ ಕೆಟ್ಟದ್ದಲ್ಲ, ಕಾಲು ಕೆಟ್ಟದ್ದಿತ್ತು. ಈಗ ಕಾಲು ಹದಕ್ಕೆ ಬಂದಿದೆ." ಅಂದು ಅವರು ಸೊಸೆಗೆ ತಾವೇ ಇನ್ನೊಂದು ಸೌಟು ಬಡಿಸಿದರು.

ಅವರು ಅಷ್ಟಕ್ಕೆ ಬಿಡಲಿಲ್ಲ. ಟೀ ಅಂಗಡಿಗೆ ಹೋಗಿ, ನನ್ನ ಸೊಸೆ ಸುತ್ತುದಾರಿಯಲ್ಲೇ ಒಂದು ಮೊಟ್ಟೆಯೂ ಬಿರುಕುಬಿಡದ ಹಾಗೆ ಪಟ್ಟಣ ಮುಟ್ಟುತ್ತಾಳೆ, ಟೋಲು ಕಟ್ಟುವವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಸಾರಿದರು. ಕೂತಿದ್ದವರು ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡರು. ಅವರಲ್ಲಿ ಅರ್ಧ ಜನ ಆ ವ್ಯಾನನ್ನು ದಿನಾ ಗೇಟಿನ ಸಾಲಿನಲ್ಲಿ ಕಂಡವರು. ಹಾಲಿನವನು ಮಾತ್ರ ತಡೆಯಲಾರದೆ, "ಹೌದು ಯಜಮಾನ್ರೇ, ನಿಮ್ಮ ಸೊಸೆ ಗಾಡಿ ನೆಲಕ್ಕೇ ತಾಗಲ್ಲ ಬಿಡಿ" ಎಂದ. ನಗು ಎದ್ದಿತು. ಮಾವನೂ ಅವರ ಜೊತೆ ನಕ್ಕರು. ಎದುರಿನ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದ ಮಗ, ಕಣ್ಣಿಗೆ ಹಿಡಿದ ಕಪ್ಪು ಗಾಜನ್ನು ಕೆಳಗಿಳಿಸಲೇ ಇಲ್ಲ.

ಸಂಜೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಊರೆಲ್ಲ ಅಪ್ಪನ ಬೆನ್ನ ಹಿಂದೆ ನಗುತ್ತಿದೆ, ಅಪ್ಪನ ಬಾಯಿ ಹೇಗಾದರೂ ಮುಚ್ಚಿಸಬೇಕು ಎಂದ. ನಿಜ ಹೇಳಿಬಿಡೋಣ ಎಂದಳು ಅವಳು. ಹೇಳಿದರೆ ಬ್ಲೇಡು ತಗೊಂಡು ಟ್ಯಾಗು ಕೆರೆದುಬಿಡುತ್ತಾರೆ, ಆಮೇಲೆ ಆಸ್ಪತ್ರೆ ಕೆಲಸವೂ ಇಲ್ಲ, ವ್ಯಾನೂ ಇಲ್ಲ ಎಂದ ಅವನು. ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಕಂಡುಕೊಂಡರು: ಮೊಟ್ಟೆ ಒಡೆಯಬೇಕು.

ಮಾರನೆಯ ದಿನ ಮರದಡಿ ವ್ಯಾನು ನಿಲ್ಲಿಸಿಕೊಂಡು ಅವಳು ಚಮಚ ಕೈಗೆತ್ತಿಕೊಂಡಳು. ಕೋಳಿಗೆ ಕಾಳು ಹಾಕಿ, ಶೆಡ್ಡು ಗುಡಿಸಿ, ಮೊಟ್ಟೆಯನ್ನು ಮಗುವಿನ ತಲೆ ಹಿಡಿದಂತೆ ಹಿಡಿದು ರೂಢಿಯಾದ ಕೈ ಅದು, ಹೊಡೆಯಲು ಏಳಲಿಲ್ಲ. ಹೊರಗಡೆ ಯಾರೂ ಇಲ್ಲವೆಂದು ನೋಡಿಕೊಂಡು, ಕಣ್ಣು ಬೇರೆ ಕಡೆ ಇಟ್ಟು, ಆಸ್ಪತ್ರೆಗೆ ಕೊಡದೆ ಉಳಿಸಿಕೊಂಡಿದ್ದ ಕೆಲವಕ್ಕೆ ತಟ್ಟಿದಳು.

ಅತ್ತೆ ಅವನ್ನು ಒಲೆಯ ಮುಂದೆ ಇಟ್ಟುಕೊಂಡು ಒಂದನ್ನು ತಿರುಗಿಸಿ ನೋಡಿದರು. "ಕ್ವಾರಿ ದಾರೀಲಿ ಈಗ ಚಮಚದಷ್ಟೇ ಅಗಲದ ಗುಂಡಿ ಬಿದ್ದಿದೆಯೇನೋ" ಎಂದರು ಮೆಲ್ಲಗೆ.

"ಅತ್ತೆ, ನಾನು ಹೇಳ್ತೀನಿ ಕೇಳಿ..."

"ಬೇಡ ಕಣೇ. ಹೇಳಿದ್ರೆ ನಾನೂ ಸುಳ್ಳು ಹೇಳಬೇಕಾಗತ್ತೆ. ಹೇಳದಿದ್ರೆ ಸುಮ್ನೆ ಅಡುಗೆ ಮಾಡ್ಕೊಂಡಿರ್ತೀನಿ."

ಮೊಮ್ಮಗಳು ತಟ್ಟೆ ನೋಡಿ ಮುಖ ಊದಿಸಿಕೊಂಡಳು. ಮಾವ ತಟ್ಟೆ ಖಾಲಿ ಮಾಡಿದರು. ಉಂಡ ಮೇಲೆ ವ್ಯಾನು ತೊಳೆಯಲು ಹೋದವರು ಖಾಲಿ ಟ್ರೇಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಡೆದ ಮೊಟ್ಟೆ ಕೂತಿದ್ದ ಟ್ರೇಯ ಗುಳಿಗಳು ಅಂಟುತ್ತವೆ, ಹಳದಿ ಕಲೆ ಹಿಡಿಯುತ್ತವೆ. ಆಮೇಲೆ ಅವುಗಳಿಗೆ ಇರುವೆ ಮುತ್ತುತ್ತದೆ. ಮಾವ ಗುಳಿಗಳೊಳಗೆ ಬೆರಳಾಡಿಸಿದರು. ಎಲ್ಲ ಒಣಗಿದ್ದವು. ಬಟ್ಟೆ ಒಣಹಾಕುತ್ತಿದ್ದ ಸೊಸೆ ಅದನ್ನು ಕಂಡಳು. ಅವರು ಟ್ರೇಗಳನ್ನು ಜೋಡಿಸಿಟ್ಟು, ಆಮೇಲೆ ವ್ಯಾನಿನ ಮುಂದಿನ ಸೀಟಿನಲ್ಲಿ ಕನ್ನಡಿಯ ಕಡೆ ನೋಡುತ್ತಾ ಬಹಳ ಹೊತ್ತು ಕೂತಿದ್ದು, ಗಾಜು ಒರೆಸದೆಯೇ ಇಳಿದು ಬಂದರು.

ಬೆಳಿಗ್ಗೆ ಟ್ರೇ ತುಂಬಿಸಿ ಅವಳು ಬಾಗಿಲು ತೆಗೆದರೆ, ಮಾವ ಒಗೆದ ಅಂಗಿ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದರು.

"ಕೋಳಿ ನೋಡೋರು ಯಾರು ಮಾವ?"

"ಅವಕ್ಕೆ ಒಂದು ದಿನ ನನ್ನ ಮುಖ ನೋಡದಿದ್ರೂ ನಡೆಯತ್ತೆ. ಹೊರಡು."

ಗಂಡ ಹಿಕ್ಕೆಯ ಗುದ್ದಲಿ ಹಿಡಿದುಕೊಂಡೇ ನಿಂತು ನೋಡಿದ. ವ್ಯಾನು ಊರು ದಾಟಿ ಕವಲಿಗೆ ಬಂತು. ಎಡಕ್ಕೆ ಕಾಲುವೆ ಏರಿ, ಬಲಕ್ಕೆ ಹೆದ್ದಾರಿ. ಅವಳು ನಿಲ್ಲಿಸಿದಳು. ಎಂಜಿನ್ನು ನಡುಗುತ್ತಿತ್ತು, ಹಿಂದೆ ಟ್ರೇಗಳು ಸಣ್ಣಗೆ ಕಿರುಗುಟ್ಟುತ್ತಿದ್ದವು. ತಿಂಗಳು ಮುಗಿಯುತ್ತಾ ಬಂದಿತ್ತು.

"ಯಾವ ಕಡೆ ಮಾವ?"

"ದಿನಾ ಯಾವ ಕಡೆ ಹೋಗ್ತೀಯೋ ಆ ಕಡೆ."

ಅವಳು ಬಲಕ್ಕೆ ತಿರುಗಿಸಿದಳು. ಸ್ವಲ್ಪ ದೂರ ಹೋದ ಮೇಲೆ ಮಾವ ಕೈ ಎತ್ತಿ ಕನ್ನಡಿಯ ಹಿಂದಿನ ರಟ್ಟನ್ನು ಬೆರಳಿನಿಂದ ತಟ್ಟಿದರು. "ಬಣ್ಣ ಮಾತ್ರ ಚೆನ್ನಾಗಿ ಬಳಿದಿದಾನೆ" ಎಂದರು. ಕಿತ್ತುಬಿಡುತ್ತಾರೇನೋ ಎಂದು ಅವಳು ಗಾಡಿ ನಿಧಾನ ಮಾಡಿದಳು. ಅವರು ಕೈ ಕೆಳಗಿಳಿಸಿದರು.

ಗೇಟು ಕಾಣಿಸಿತು. "ಇಲ್ಲೇ ನಿಲ್ಲಿಸು."

"ಮಾವ..."

"ನಿಲ್ಲಿಸು ಅಂದೆ. ನೀನು ಗಾಡಿ ತಗೊಂಡು ಆಚೆ ಹೋಗಿ ನಿಂತಿರು. ನಾನು ನಡ್ಕೊಂಡು ಬರ್ತೀನಿ. ನಡ್ಕೊಂಡು ಹೋಗೋರಿಗೆ ಇನ್ನೂ ದುಡ್ಡು ಇಟ್ಟಿಲ್ಲ ಅಲ್ವಾ?"

ಅವಳು ಗೇಟು ದಾಟಿ ರಸ್ತೆಯ ಅಂಚಿಗೆ ನಿಲ್ಲಿಸಿ, ಪಕ್ಕದ ಕನ್ನಡಿಯಲ್ಲಿ ನೋಡುತ್ತಾ ಕುಳಿತಳು. ಲಾರಿಗಳ, ಕಾರುಗಳ ಸಾಲಿನ ಪಕ್ಕದಲ್ಲಿ ಮಾವ ಸಣ್ಣದಾಗಿ ಕಂಡರು. ಕಾವಲಿನವನು ಕೈ ಅಡ್ಡ ಮಾಡಿದ. ಮಾವ ಏನೋ ಹೇಳಿದರು. ಅವನೂ ಏನೋ ಹೇಳಿದ. ಮಾವ ಕಾಲಿನ ಕೆಳಗಿನ ನೆಲ ತೋರಿಸಿ ಮತ್ತೂ ಏನೋ ಹೇಳಿದರು. ಆಸ್ಪತ್ರೆಯ ತಿಂಡಿಯ ಹೊತ್ತು ಹತ್ತಿರವಾಗುತ್ತಿತ್ತು. ಅವಳು ಇಳಿದಳು, ಮತ್ತೆ ಹತ್ತಿದಳು, ಎಂಜಿನ್ನು ಆರಿಸಿದಳು, ಮತ್ತೆ ಹೊತ್ತಿಸಿದಳು. ಕಡೆಗೆ ಕಾವಲಿನವನು ಪಕ್ಕಕ್ಕೆ ಸರಿದ. ಮಾವ ಕಾಂಕ್ರೀಟಿನ ಅಂಚು ಹಿಡಿದು, ಅವಸರ ಮಾಡದೆ, ಹೊಲದ ಬದುವಿನ ಮೇಲೆ ನಡೆಯುವ ಹಾಗೆ ನಡೆದು ಬಂದರು. ಹತ್ತಿ ಕುಳಿತಾಗ ಅಂಗಿ ಬೆನ್ನಿಗೆ ಅಂಟಿತ್ತು.

"ಏನಂದ ಮಾವ ಅವನು?"

"ಎಲ್ಲಿಗೆ ಅಂತ ಕೇಳಿದ. ಹೊಲದ ಆ ಕಡೆಗೆ ಅಂದೆ. ಹೊರಡು, ಹೊತ್ತಾಯ್ತು."

ಹೊತ್ತಾಗಿತ್ತು. ಸ್ಟೋರಿನ ಮೇಡಂ ಗೋಡೆಯ ಗಡಿಯಾರ ನೋಡಿ, ಟ್ರೇ ನೋಡಿ, ಬಾಗಿಲಲ್ಲಿ ನಿಂತಿದ್ದ ಮುದುಕರನ್ನು ನೋಡಿ, ಒಂದೂ ಒಡೆದಿಲ್ಲವಾದ್ದರಿಂದ ತೆಗೆದುಕೊಳ್ಳುತ್ತಿದ್ದೇನೆ ಎಂದರು. ಮುಂದಿನ ತಿಂಗಳಿಗೂ ಇದೇ ಲೆಕ್ಕ ಇರಲಿ ಎಂದು ಸೇರಿಸಿದರು. ಸೊಸೆ ಖಾಲಿ ಟ್ರೇಗಳನ್ನು ಎತ್ತಿಕೊಂಡು ಹೊರಟಳು.

ಬರುವಾಗಲೂ ಮಾವ ಗೇಟಿನ ಹತ್ತಿರ ಇಳಿದು ನಡೆದರು. ಮತ್ತೆ ಹತ್ತಿ ಕುಳಿತು, ಮುಖ ಒರೆಸಿಕೊಂಡು ಕೇಳಿದರು. "ಈ ಗೇಟಿನ ದುಡ್ಡು ಎಲ್ಲಿಂದ ಹೋಗತ್ತೆ?"

"ಅವರ ಅಂಗಡಿಯಿಂದ."

"ಅಂಗಡಿ ಮಿಷಿನ್ನು ತಂದಿದ್ದು ನನ್ನ ಮೊಟ್ಟೆ ದುಡ್ಡಲ್ಲಿ. ಹಾಗಾದ್ರೆ ಇಷ್ಟು ದಿನ ನಾನೇ ಕೊಟ್ಟ ಹಾಗಾಯ್ತು." ಅವರು ಕಿಟಕಿಯ ಕಡೆ ತಿರುಗಿದರು. "ಇನ್ಮೇಲೆ ನಿನ್ನ ದುಡ್ಡಲ್ಲಿ ಕಟ್ಟು. ನಿನ್ನ ದುಡ್ಡಾದ್ರೆ ನಾನು ಕೇಳಲ್ಲ."

"ನನ್ನ ದುಡ್ಡು ಯಾವುದು ಮಾವ?"

ಮಾವ ಅವಳ ಕಡೆ ತಿರುಗಿದರು.

"ಮೊಟ್ಟೆ ದುಡ್ಡು ತಂದು ನಿಮ್ಮ ಡಬ್ಬಿಗೆ ಹಾಕ್ತೀನಿ. ಡೀಸೆಲ್ಲಿಗೆ ನಿಮ್ಮ ಹತ್ರ ಕೇಳ್ತೀನಿ. ಬಳೆಗೂ ಕೇಳ್ತೀನಿ, ಬಸ್ಸಿಗೂ ಕೇಳ್ತೀನಿ. ನನ್ನದು ಅನ್ನೋದು ಎಲ್ಲಿದೆ ಹೇಳಿ, ಅಲ್ಲಿಂದ ಕಟ್ತೀನಿ."

ಅಂದು ಕ್ವಾರಿಯ ಬಾಯಿಗೆ ಹೋಗುವ ಕೆಲಸವಿರಲಿಲ್ಲ. ವ್ಯಾನು ಶುಭ್ರವಾಗಿಯೇ ಅಂಗಳಕ್ಕೆ ಬಂತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಾವ ದುಡ್ಡಿನ ಡಬ್ಬಿಯನ್ನು ತಟ್ಟೆಯ ಪಕ್ಕಕ್ಕೆ ತಂದಿಟ್ಟುಕೊಂಡರು. ಹಾಲಿನವನು ತನ್ನ ಡ್ರೈವರಿಗೆ ವಾರಕ್ಕೆ ಏನು ಕೊಡುತ್ತಾನೆಂದು ಮಗನನ್ನು ಕೇಳಿದರು. ಮಗ ಹೇಳಿದ. ಅಷ್ಟನ್ನೂ ಎಣಿಸಿ ತೆಗೆದು ಸೊಸೆಯ ಕಡೆಗೆ ಚಾಚಿದರು. "ಗಾಡಿ ಹೊಡೆದ ಕೂಲಿ. ಈ ವಾರದ್ದು. ಇದರಲ್ಲಿ ನೀನು ಟೋಲಾದ್ರೂ ಕಟ್ಟು, ಬಳೆಯಾದ್ರೂ ತಗೋ. ನನಗೆ ಸಂಬಂಧ ಇಲ್ಲ."

ಸೊಸೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಕೂಡಲೇ ಮಡಿಸಲಿಲ್ಲ, ಹಿಡಿದುಕೊಂಡೇ ನಿಂತಳು.

"ಹಿಂದಿನದು, ಮಾವ?"

ಗಂಡ ಅಗಿಯುವುದನ್ನು ನಿಲ್ಲಿಸಿದ. ಮಾವ ಡಬ್ಬಿಯ ಮುಚ್ಚಳ ಹಾಕಿದರು.

"ಹಿಂದಿನದು ಬಾಕಿ ಇರಲಿ" ಎಂದರು. "ಇಲ್ಲ ಅನ್ನಲ್ಲ. ಬಾಕಿ."

ಅತ್ತೆ ಅನ್ನದ ಪಾತ್ರೆಯ ಮುಂದೆ ಕೂತಿದ್ದರು. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ, ತಲೆ ಎತ್ತದೆ ಕೇಳಿದರು.

"ಗಾಡಿ ಹೊಡೆದದ್ದಕ್ಕೆ ಕೂಲಿ ಆದ್ರೆ, ಮೊಟ್ಟೆ ಒರೆಸಿದ್ದಕ್ಕೆ ಎಷ್ಟಾಗತ್ತೆ ರೀ?"

ಮಾವ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಕುಳಿತರು. ಅವರ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.